ಬೋರಲು ಹಾಕಬಾರದ ಹೊದಿಕೆ

ಆಳಂದದ ಒಂದು ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಕೂತು, ಎಂದೂ ಕೈಯಿಂದ ಮುಟ್ಟದ ವಸ್ತುಗಳ ಗುಣದೋಷ ಹೇಳುವುದು ನನ್ನ ಕೆಲಸ. ಓಣಿಯವರು "ಕಂಪ್ಯೂಟರಿನ್ಯಾಗ ಏನ್ ಮಾಡ್ತೀರಿ?" ಎಂದು ಕೇಳಿದಾಗ "ಪ್ಲಾಸ್ಟಿಕ್ ನೋಡ್ತೇನಿ" ಎಂದಿದ್ದೆ. ನಕ್ಕು ಹೋದರು. ಮತ್ತೆ ಯಾರೂ ಕೇಳಲಿಲ್ಲ.

ಜೇವರ್ಗಿಯ ಹೊರಗಿನ ಒಂದು ಶೆಡ್ಡಿನಲ್ಲಿ ಟ್ರ್ಯಾಕ್ಟರಿನ ಮೂತಿಗೆ ಹಾಕುವ ಪ್ಲಾಸ್ಟಿಕ್ ಹೊದಿಕೆಗಳನ್ನು ಮಾಡುತ್ತಿದ್ದರು. ಬಿಸಿ ರೊಟ್ಟಿಯ ಹಾಗೆ ಎತ್ತಿದರೆ ಜೋತುಬೀಳುವ ಮಾಲು. ಮೇಜಿನ ಮೇಲಿಟ್ಟರೂ ತನ್ನ ಭಾರಕ್ಕೆ ತಾನೇ ತುಸು ಬಾಗಿ ಸುಳ್ಳು ಅಳತೆ ಕೊಡುತ್ತದೆ. ಅಲ್ಲಿ ಒಬ್ಬ ಹೆಣ್ಣುಮಗಳು ಸ್ಕ್ಯಾನರಿನಿಂದ ಅದರ ಆಕಾರ ಹಿಡಿದು ನನಗೆ ಕಳಿಸುತ್ತಿದ್ದಳು. ನಾನು ಕಂಪ್ಯೂಟರಿನೊಳಗೆ ಆ ಭಾರದ ಬಾಗನ್ನು ಕಳೆದು, ಎಂಟು ತೂತಿಗೆ ಎಂಟು ಬೋಲ್ಟು ಬಿಗಿದು, ಟ್ರ್ಯಾಕ್ಟರಿನ ಮೇಲೆ ಸರಿಯಾಗಿ ಕೂರುತ್ತದೋ ಇಲ್ಲವೋ ಹೇಳಬೇಕು. ಬೋಲ್ಟು, ಟ್ರ್ಯಾಕ್ಟರು ಎಲ್ಲವೂ ಪರದೆಯ ಮೇಲಿನವೇ.

ದಿನಾ ಹನ್ನೊಂದಕ್ಕೆ ಆಕೆಯ ಫೋನು.

"ಕಳಿಸೀನ್ರಿ ಅಕ್ಕಾ, ಬಂದಾವೇನ್ ನೋಡ್ರಿ."

ಬಂದಿವೆ ಎಂದ ಮೇಲೂ ಇಡುತ್ತಿರಲಿಲ್ಲ. ಊಟಕ್ಕೆ ಏನು ಮಾಡಿದ್ದೀರಿ ಎನ್ನುವಳು. ಒಬ್ಬಳಿಗೆ ಏನು ಮಾಡುವುದು, ನಿನ್ನೆಯದೇ ಇದೆ ಎಂದರೆ ಬೈಗುಳ. "ಒಬ್ರ ಇದ್ರ ಹೊಟ್ಟಿ ಇರೂದಿಲ್ಲೇನ್ರಿ?"

ಮಣ್ಣೂರಿನವಳು, ಕೆಲಸಕ್ಕಾಗಿ ಜೇವರ್ಗಿಯ ಸಂಬಂಧಿಕರ ಮನೆಯಲ್ಲಿದ್ದಾಳೆ ಎಂಬುದಷ್ಟೇ ಗೊತ್ತಿತ್ತು. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಎಷ್ಟೋ ದಿನ ಆ ಐದು ನಿಮಿಷ ಬಿಟ್ಟರೆ ನನ್ನ ಬಾಯಿಂದ ಮಾತೇ ಹೊರಟಿರುತ್ತಿರಲಿಲ್ಲ. ಹೇಳಿಕೊಳ್ಳಲು ನಾಚಿಕೆ, ಆದರೂ ನಿಜ: ಹತ್ತೂವರೆಗೇ ಫೋನು ಕೈಯಲ್ಲಿ ಹಿಡಿದು ಕೂರುತ್ತಿದ್ದೆ.

ಆ ಬೇಸಿಗೆಯಲ್ಲಿ ಕಂಪನಿಯವರು ಹೊದಿಕೆಯನ್ನು ಇನ್ನೂ ತೆಳ್ಳಗೆ ಮಾಡಿಸಿದರು. ಅಂದಿನಿಂದ ಒಂದೂ ಪಾಸಾಗಲಿಲ್ಲ. ನಾನು ಠೀವಿಯಿಂದ ಎಲ್ಲವನ್ನೂ ತಿರಸ್ಕರಿಸಿದೆ. ಅವರು ಅಷ್ಟನ್ನೂ ಒಡೆದು ಪುಡಿ ಮಾಡಿಸಿದರು. ಕೊನೆಗೆ ಒಂದನ್ನು ನಿಜವಾದ ಟ್ರ್ಯಾಕ್ಟರಿಗೇ ಬಿಗಿದು ನೋಡಿದರೆ, ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ತಪ್ಪು ಯಾರದು, ಸಂಜೆಯೊಳಗೆ ಬರೆದು ಕಳಿಸಿ ಎಂದರು ಮ್ಯಾನೇಜರು.

ಆಕೆಗೆ ಫೋನು ಮಾಡಿ, ಮೇಜಿನ ಮೇಲೆ ಹೇಗೆ ಇಡುತ್ತೀಯೆಂದು ಮೊದಲ ಸಲ ಕೇಳಿದೆ.

"ಅಂಗಾತ್ರಿ."

"ಬೋರಲು ಇಡಬೇಕಂತ ಕಂಪನಿ ಕೊಟ್ಟ ಕಾಗದದಾಗ ಬರದೈತಲ್ಲ?"

"ಬರದೈತ್ರಿ. ಆದ್ರ ಹೊಸಾ ಮಾಲು ಬೋರಲ ಹಾಕೂದೇನ್ರಿ ಅಕ್ಕಾ? ಸತ್ತವರ ಮನ್ಯಾಗ ಹಂಚ ಬೋರಲ ಹಾಕ್ತಾರ. ಶೆಡ್ಡಿಗಿ ಛಲೋ ಆಗಲಿ ಅಂತ ಮೊದಲಿಂದನೂ ಅಂಗಾತನ ಇಟ್ಟೀನಿ."

ಮೊದಲಿನ ದಪ್ಪ ಹೊದಿಕೆ ಹೇಗಿಟ್ಟರೂ ತಪ್ಪು ಕಾಣುವಷ್ಟು ಬಾಗುತ್ತಿರಲಿಲ್ಲ, ಹಾಗಾಗಿ ತಪ್ಪು ಮುಚ್ಚಿಹೋಗಿತ್ತು. ಯಾವ ಮಗ್ಗುಲು ಮೇಲಿತ್ತು ಎಂಬುದು ಕಂಪ್ಯೂಟರಿಗೆ ತಾನಾಗಿ ತಿಳಿಯದು, ನಾವೇ ಹೇಳಬೇಕು. ನಾನು ಬೋರಲು ಎಂದು ಹೇಳಿದ್ದೆ. ಅದು ಕಳೆಯಬೇಕಾದ ಬಾಗನ್ನು ಕೂಡಿಸುತ್ತ ಕೂತಿತ್ತು.

ಬೇರೆ ಊರಿನವರಿಗೆ ಇದು ಹೊಳೆಯದಿದ್ದರೆ ಸರಿ. ನಾನು ಮಾದನಹಿಪ್ಪರಗಾದಲ್ಲಿ, ರೊಟ್ಟಿ ಹಂಚು ಬೋರಲು ಹಾಕಿದ್ದಕ್ಕೆ ಅವ್ವನಿಂದ ಬೆನ್ನಿಗೆ ಗುದ್ದು ತಿಂದು ಬೆಳೆದವಳು. ಹೊಸ ವಸ್ತುವನ್ನು ಆಕೆ ಬೋರಲು ಹಾಕಲಾರಳು ಎಂದು ಹೇಳಲು ನನಗೆ ಯಾವ ಕಂಪ್ಯೂಟರೂ ಬೇಕಿರಲಿಲ್ಲ. ಕೇಳುವುದು ನನ್ನ ಕೆಲಸವಾಗಿತ್ತು. ದಿನಾ ಪಲ್ಯದ ಮಾತಾಡಿದೆ, ಇದನ್ನು ಕೇಳಲಿಲ್ಲ.

ಸಂಜೆ ಒಂದೇ ಸಾಲು ಬರೆದೆ: "ಅಳತೆಯ ಮೇಜಿನ ಮೇಲೆ ಭಾಗವನ್ನು ತಪ್ಪು ಮಗ್ಗುಲಿಗೆ ಇಡಲಾಗಿತ್ತು." ಅದರಲ್ಲಿ ಸುಳ್ಳಿಲ್ಲ. "ನಾನು ವಿಚಾರಿಸಲಿಲ್ಲ" ಎಂಬ ಎರಡನೆಯ ಸಾಲನ್ನು ಬರೆದು ಅಳಿಸಿದೆ. ಕೆಲಸ ಹೋದೀತೆಂಬ ಹೆದರಿಕೆ.

ಮರುದಿನ ಹನ್ನೊಂದಕ್ಕೆ ಫೋನು ಬರಲಿಲ್ಲ. ನಾನೇ ಮಾಡಿದರೆ ಯಾರೋ ಗಂಡಸು ಎತ್ತಿ, "ಆಕಿನ್ನ ಕೆಲಸಾ ಬಿಡಿಸ್ಯಾರ್ರಿ. ಇನ್ನ ಮ್ಯಾಲ ಸ್ಕ್ಯಾನು ತಾನಾ ಬರ್ತಾವ, ಫೋನ್ ಬೇಕಾಗೂದಿಲ್ಲ" ಎಂದ. ಆಕೆಯ ಸ್ವಂತ ನಂಬರು ನನ್ನ ಹತ್ತಿರ ಇರಲಿಲ್ಲ. ಇದ್ದಿದ್ದರೂ ಏನು ಹೇಳುತ್ತಿದ್ದೆ?

ಮಳೆಗಾಲ ಕಳೆದ ಮೇಲೆ, ಸಂಬಂಧಿಕರ ಮಗುವಿನ ತೊಟ್ಟಿಲು ಶಾಸ್ತ್ರಕ್ಕೆಂದು ಅಫಜಲಪುರಕ್ಕೆ ಬಸ್ಸು ಹತ್ತಿದೆ. ನಾನು ಟಿಕೆಟು ತೆಗೆದುಕೊಂಡಾಗಿತ್ತು. ದಾರಿಯಲ್ಲಿ ಹತ್ತಿದ ಹೆಂಗಸೊಬ್ಬಳು ಪಕ್ಕದಲ್ಲಿ ಕೂತು, "ಮಣ್ಣೂರ ಒಂದು ಕೊಡ್ರಿ" ಎಂದಳು. ಅಷ್ಟೇ ಸಾಕಾಯಿತು. ದಿನಾ ಹನ್ನೊಂದಕ್ಕೆ ಫೋನಿನಲ್ಲಿ ಕೇಳುತ್ತಿದ್ದ ಅದೇ ದನಿ.

"ಯಾವೂರ್ರಿ ನಿಮ್ದು?" ಎಂದು ನನ್ನ ಕಡೆ ತಿರುಗಿದಳು. ಬಾಯಿ ತೆರೆದರೆ ನನ್ನ ದನಿಯೂ ಆಕೆಗೆ ಗುರುತು. ಸುಮ್ಮನೆ ತಲೆ ಆಡಿಸಿದೆ. ಇನ್ನೆರಡು ಮಾತು ಕೇಳಿ, ಉತ್ತರ ಬಾರದಾಗ, "ಅಯ್ಯ ಪಾಪ" ಎಂದು ನನ್ನ ಮೊಣಕೈ ಸವರಿದಳು. ಆಮೇಲೆ ತನ್ನ ಪಾಡಿಗೆ ತಾನೇ ಮಾತಾಡಿದಳು. ಜೇವರ್ಗಿಯಲ್ಲಿ ಕೆಲಸವಿತ್ತಂತೆ, ಬಿಡಿಸಿದರಂತೆ.

"ಆಳಂದದಾಗ ಒಬ್ರು ಅಕ್ಕ ಇದ್ರು. ಅವರಿಗಿ ಗೊತ್ತಾಗಿದ್ರ ನನ್ನ ಬಿಡಸಾಕ ಬಿಡತಿರಲಿಲ್ಲ."

ನಾನು ಕಿಟಕಿಯ ಕಡೆ ಮುಖ ಮಾಡಿದೆ.

ಅಫಜಲಪುರದಲ್ಲಿ ಎದ್ದಾಗ ಆಕೆ ನನ್ನ ಚೀಲವನ್ನು ತಾನೇ ಬಾಗಿಲ ತನಕ ತಂದುಕೊಟ್ಟು ಕೂಗಿದಳು: "ತಡೀರಿ ಕಂಡಕ್ಟರಣ್ಣಾ, ಸೀಟಿ ಹೊಡೀಬ್ಯಾಡ್ರಿ. ಇವರಿಗಿ ಮಾತ ಬರೂದಿಲ್ಲ, ಸಾವಕಾಶ ಇಳೀಲಿ."