ಕಾರಿಡಾರಿನ ಬಾಗಿಲುಗಳು

ಇಂಥ ಅನುಭವಗಳನ್ನು ಯಾರಾದರೂ ಹೇಳತೊಡಗಿದರೆ ನಾನು ಮೆಲ್ಲಗೆ ಎದ್ದು ಹೋಗುತ್ತಿದ್ದೆ. ವಾದಿಸುವಷ್ಟು ಆಸಕ್ತಿಯೂ ಇರಲಿಲ್ಲ. ನೀವೂ ಈಗ ಎದ್ದು ಹೋದರೆ ನನಗೆ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ಕತಾರಿನಲ್ಲಿ, ದೋಹಾ ಪಕ್ಕದ ಲುಸೈಲ್‌ನ ಒಂದು ಸಣ್ಣ ಕಚೇರಿಯಲ್ಲಿ ಪುಸ್ತಕಗಳ ಪುಟ ಹೊಂದಿಸುವ ಕೆಲಸ ಮಾಡುತ್ತಿದ್ದೆ. ದೋಹಾದಲ್ಲೇ ನೆಲೆಸಿದ್ದ ನಿವೃತ್ತ ಇಂಗ್ಲಿಷ್ ಎಂಜಿನಿಯರ್ ಒಬ್ಬರು ತಮ್ಮ ಹುಟ್ಟೂರಿನ ಚರಿತ್ರೆ ಬರೆದು ತಂದಿದ್ದರು. ಒಂದು ಚರ್ಚು, ಒಂದು ಬೇಕರಿ, ಒಂದೇ ಬೀದಿ ಇರುವ ಊರು. ಸುಗ್ಗಿ ಮುಗಿದ ಮೇಲೆ ಬೀದಿಯುದ್ದಕ್ಕೂ ಮೇಜು ಹಾಕಿ ಎಲ್ಲರೂ ಒಟ್ಟಿಗೆ ಉಣ್ಣುತ್ತಿದ್ದರಂತೆ. ಯಾರಾದರೂ ಸತ್ತರೆ, ಶವ ಬೀದಿ ದಾಟುವ ತನಕ ಪ್ರತಿ ಮನೆಯವರೂ ಬಾಗಿಲು ತೆರೆದು ಹೊಸ್ತಿಲಲ್ಲಿ ನಿಲ್ಲಬೇಕಿತ್ತು. ಜಗಳವಾಡಿದವರೂ ನಿಲ್ಲುತ್ತಿದ್ದರಂತೆ.

ಆ ವಾರ ಅಪ್ಪ ಮಂಗಳೂರಿನ ಆಸ್ಪತ್ರೆಯಲ್ಲಿದ್ದರು. ಜೀವ ಇರುವಾಗ ಒಮ್ಮೆ ನೋಡಬೇಕಿತ್ತು. ಮ್ಯಾನೇಜರ್ ಸುಧಾಕರಣ್ಣ ನಮ್ಮ ಊರ ಕಡೆಯವರೇ. ರಜೆ ಕೇಳಿದೆ.

“ನೀನು ಹೋಗಿ ಏನು ಮಾಡ್ತಿ ಮಾರಾಯ್ತಿ? ನೀನೇನು ಡಾಕ್ಟರಾ?” ಎಂದರು. “ಈ ಪುಸ್ತಕ ಪ್ರೆಸ್ಸಿಗೆ ಹೋಗಲಿ, ಖಲಾಸ್. ಆಮೇಲೆ ಬೇಕಾದರೆ ತಿಂಗಳು ಇರು.”

ಸಾವಿನ ಪದ್ಧತಿಯ ಆ ಪುಟವನ್ನು ಮುಗಿಸಿ, ಸಂಜೆ ಅಲ್ ಗರಾಫಾದ ನನ್ನ ಕೋಣೆಗೆ ಬಂದು ಒಳಗಿನಿಂದ ಚಿಲಕ ಹಾಕಿದೆ. ಹಾಕಿದ್ದು ಸ್ಪಷ್ಟವಾಗಿ ನೆನಪಿದೆ. ಆ ಚಿಲಕ ಬಿಗಿ, ಎಳೆದಾಗೆಲ್ಲ ಬೆರಳು ನೋಯುತ್ತಿತ್ತು.

ಮುಸ್ಸಂಜೆಯ ಮಗ್ರಿಬ್ ಬಾಂಗ್ ಮುಗಿದ ಸ್ವಲ್ಪ ಹೊತ್ತಿಗೆ ಬೆನ್ನಿಗೆ ಗಾಳಿ ತಾಗಿತು. ತಿರುಗಿದರೆ ಬಾಗಿಲು ಪೂರ್ತಿ ತೆರೆದಿತ್ತು. ಹೊರಗೆ ಬಂದೆ. ಕಾರಿಡಾರಿನ ಬಾಗಿಲುಗಳೆಲ್ಲ ತೆರೆದಿದ್ದವು. ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿಲ್ಲದ ಕಟ್ಟಡ ಅದು. ಒಬ್ಬೊಬ್ಬರಾಗಿ ಹೊಸ್ತಿಲಿಗೆ ಬಂದು ನಿಂತರು. ಎದುರು ಮನೆಯ ಮಲಯಾಳಿ ನರ್ಸ್ ಕೈಯಲ್ಲಿ ಸಟ್ಟುಗ ಹಿಡಿದುಕೊಂಡೇ, “ನೀನಾ ತೆರೆದದ್ದು?” ಎಂದು ಹಿಂದಿಯಲ್ಲಿ ಗದರಿದಳು. ಇಲ್ಲವೆಂದು ತಲೆಯಾಡಿಸಿದೆ. ಬಾಗಿಲು ಮುಚ್ಚುವುದು ಯಾಕೋ ಯಾರಿಗೂ ತೋಚಲಿಲ್ಲ.

ಒಳಗೆ ಫೋನ್ ರಿಂಗಾಯಿತು. ಚಿಕ್ಕಪ್ಪ. ಅಪ್ಪ ಆಗಷ್ಟೇ ಹೋಗಿದ್ದರು.

ನಾನು ಮತ್ತೆ ಹೊರಗೆ ಬರುವಷ್ಟರಲ್ಲಿ ಬಾಗಿಲುಗಳು ಮುಚ್ಚಿದ್ದವು. ಸುಧಾಕರಣ್ಣನಿಗೆ ಫೋನ್ ಮಾಡಿದೆ. “ಛೆ, ಇಷ್ಟು ಸೀರಿಯಸ್ ಅಂತ ಮೊದಲೇ ಹೇಳಿದ್ದರೆ ಕಳಿಸ್ತಿರಲಿಲ್ವಾ?” ಎಂದರು. ರಜೆ ತಕ್ಷಣ ಸಿಕ್ಕಿತು.

ಚಿಲಕಗಳು ಸಡಿಲವಿರಬೇಕು ಎಂದ ವಾಚ್‌ಮನ್. ಎಲ್ಲವೂ ಒಟ್ಟಿಗೆ ಹೇಗೆ ಸಡಿಲವಾದವು ಎಂದು ಕೇಳಿದ್ದಕ್ಕೆ ನನ್ನ ಚಿಲಕವನ್ನು ಎರಡು ಸಲ ಎಳೆದು ನೋಡಿ ಹೋದ. ಮುಂದೊಮ್ಮೆ ಆ ಇಂಗ್ಲಿಷ್ ಹಿರಿಯರನ್ನು ಅವರೂರಿನ ಪದ್ಧತಿಯ ಬಗ್ಗೆ ಕೇಳಿದೆ. ಅದು ಅವರಜ್ಜನ ಕಾಲಕ್ಕೇ ನಿಂತಿತಂತೆ. ಈಗ ಅಲ್ಲಿನ ಅರ್ಧ ಮನೆಗಳಿಗೆ ಜನ ಬರುವುದು ರಜೆಯಲ್ಲಿ ಮಾತ್ರ ಎಂದು ನಕ್ಕರು.

ಊರಿಗೆ ಹೋದಾಗ ಅಮ್ಮ ಕೇಳಿದ್ದು ಒಂದೇ ಮಾತು: “ಸುದ್ದಿ ಬಂದಾಗ ಹತ್ತಿರ ಯಾರಾದರೂ ಇದ್ದರಾ ಮಗಾ?”

“ನೆರೆಕರೆಯವರೆಲ್ಲ ಬಾಗಿಲಲ್ಲಿ ನಿಂತಿದ್ದರಮ್ಮ” ಎಂದೆ.

ಅಮ್ಮನಿಗೆ ಸಮಾಧಾನವಾಯಿತು. ನಾನು ಹೇಳಿದ್ದು ಸುಳ್ಳಲ್ಲ. ಆ ಸಂಜೆ ನಡೆದದ್ದು ಏನೆಂದು ಮಾತ್ರ ಇವತ್ತಿಗೂ ನನಗೆ ಗೊತ್ತಿಲ್ಲ.