ದ್ವೀಪದ ಪಾಠ ಒಪ್ಪಿಸಿದ ದಿನ

ಕ್ಲೇಟನ್‌ನ ಲೈಬ್ರರಿಯಲ್ಲಿ ಸಿಟಿಜನ್‌ಶಿಪ್ ಪರೀಕ್ಷೆಗೆ ನಮಗೆ ಪಾಠ ಹೇಳುತ್ತಿದ್ದ ವಯಸ್ಸಾದ ಟೀಚರ್ ಯಾರನ್ನೂ ನಡುವೆ ತಡೆಯುತ್ತಿರಲಿಲ್ಲ. ಉತ್ತರ ಸರಿಯಿರಲಿ ತಪ್ಪಿರಲಿ, ಕನ್ನಡಕವನ್ನು ಸ್ವೆಟರಿನ ಅಂಚಿಗೆ ಒರೆಸಿಕೊಳ್ಳುತ್ತ "ಸರಿ, ಮುಂದೆ?" ಎನ್ನುತ್ತಿದ್ದರು. ಬಸ್ ತಪ್ಪಿ ತಡವಾಗಿ ಬಂದು ನೆಪ ಹೇಳುವವರಿಗೂ ಅದೇ ಮಾತು.

ಅವರು ಟಾಸ್ಮೇನಿಯಾ ದ್ವೀಪದವರೆಂದು ಗೊತ್ತಾದಾಗ ಮೆಚ್ಚಿಸುವ ಹುಕಿ ಬಂತು ನನಗೆ. ಸಿಡ್ನಿಯ ಬ್ಲ್ಯಾಕ್‌ಟೌನ್‌ನಲ್ಲಿದ್ದ ಭಾವ ಆ ದ್ವೀಪದ ಚರಿತ್ರೆಯ ನೋಟ್ಸ್ ಕಳಿಸಿ, "ಅರ್ಥ ಆಗ್ದಿದ್ರೂ ಪರ್ವಾಗಿಲ್ಲ, ಬೈಹಾರ್ಟ್ ಮಾಡ್ಬಿಡು" ಎಂದಿದ್ದರು. ಮೈಸೂರಿನ ಶಾಲೆಯ ಚಾಳಿ ಬಿಟ್ಟಿರಲಿಲ್ಲ. ಎದ್ದು ನಿಂತು, ಕೈಕಟ್ಟಿ ಒಪ್ಪಿಸಿದೆ. ಡಚ್ಚರ ಹಡಗು ದ್ವೀಪವನ್ನು ಕಂಡದ್ದು, ಬ್ರಿಟಿಷರು ಕೈದಿಗಳನ್ನು ತಂದಿಳಿಸಿದ್ದು, ವಸಾಹತಿಗೆ ಹೊಸ ಹೆಸರಿಟ್ಟದ್ದು, ಮೂಲನಿವಾಸಿಗಳು ಒಬ್ಬರೂ ಉಳಿಯದೆ ಅಳಿದದ್ದು, ಕೊನೆಗೆ ಅದು ರಾಜ್ಯವಾದದ್ದು. ಒಂದೇ ಉಸಿರಿಗೆ ಮುಗಿಸಿ, ಶಭಾಷ್‌ಗಿರಿಗೆ ಕಾದೆ.

"ಸರಿ" ಎಂದರು. "ಮುಂದೆ" ಎನ್ನಲಿಲ್ಲ. ಕನ್ನಡಕ ಒರೆಸುವ ಕೈ ನಿಂತಿತ್ತು.

"ಸ್ಕೂಲಲ್ಲಿ ನಾನೂ ಹೀಗೇ ಬರೆದಿದ್ದೆ, ಒಬ್ಬರೂ ಉಳಿದಿಲ್ಲ ಅಂತ. ಫುಲ್ ಮಾರ್ಕ್ಸ್ ಬಂತು" ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು. "ಆ ಪೇಪರ್ ಮನೆಗೆ ತಗೊಂಡು ಹೋಗಿ ಅಜ್ಜಿಗೆ ತೋರಿಸಿದೆ. ನಮ್ಮಜ್ಜಿ ಆ ಮೂಲನಿವಾಸಿಗಳ ಪೈಕಿಯವಳೇ. ಪೂರ್ತಿ ಓದಿದಳು. ಓದಿ, ಕೆಳಗೆ ಸೈನ್ ಹಾಕಿಕೊಟ್ಟಳು."

ಕಟ್ಟಿದ್ದ ಕೈ ಬಿಚ್ಚಲೂ ನನಗೆ ತೋಚಲಿಲ್ಲ. ಅವರು ಕನ್ನಡಕ ಹಾಕಿಕೊಂಡು ನನ್ನನ್ನೇ ನೋಡಿದರು.

"ಮುಂದೆ?"