ಶೈಲಾಳ ಫೋನಿನಲ್ಲಿ ನನ್ನ ಬಳೆಗಳು

ಇವತ್ತು ಮುಂಜಾನೆ ಹಸಿರು ಬಳೆಗಳ ಹೊಸ ಡಬ್ಬಿ ಬಿಚ್ಚಿದೆ. ಒಳಗಿನ ಒಣಹುಲ್ಲಿನ ವಾಸನೆ ಮೂಗಿಗೆ ಬಡಿದದ್ದೇ ತಡ, ತೀರಿಹೋದ ನಮ್ಮತ್ತೆ ಪಕ್ಕದಲ್ಲಿ ಬಂದು ಕುಳಿತಂತಾಯಿತು. ಬೈಲಹೊಂಗಲದ ನಮ್ಮ ಬಳೆ ಅಂಗಡಿ ಅವರು ಕಟ್ಟಿದ್ದು. ಅಂಗಡಿ ಆಮೇಲಿನ ಮಾತು. ಮೊದಲು ಇದ್ದದ್ದು ಅವರ ಹೆಗಲು, ಹೆಗಲ ಮೇಲೊಂದು ಮಲಾರ. ಬಳೆಗಳನ್ನು ಹಗ್ಗಕ್ಕೆ ಪೋಣಿಸಿದ ಆ ಹೊರೆ ಹೊತ್ತು ಯರಗಟ್ಟಿ, ಹೂಲಿ ಅಂತ ಸುತ್ತುತ್ತಿದ್ದರು. ಮದುವೆಯಾದ ಹೊಸದರಲ್ಲಿ ನನ್ನನ್ನೂ ಕರೆದೊಯ್ಯುವರು. ನನಗೋ ಬಿಸಿಲಿಗೆ ತಲೆನೋವು, ಓಣಿಯಲ್ಲಿ ಕೂಗಲು ನಾಚಿಕೆ. ಪಿಯುಸಿ ಪಾಸಾದವಳು ನೋಡಿ.

ಅತ್ತೆಯ ದನಿ ದೊಡ್ಡದು. "ಬಳಿ ಇಡಿಸ್ಕೋರೆವ್ವಾ, ಬಳಿ" ಎಂದರೆ ಓಣಿಯ ಆ ತುದಿ ಮುಟ್ಟುತ್ತಿತ್ತು. ಆದರೆ ಕೆಲವು ಮನೆಗಳ ಮುಂದೆ ಥಟ್ಟನೆ ನಿಂತುಬಿಡುತ್ತಿತ್ತು. ಬಳೆ ಸಪ್ಪಳವಾಗದಂತೆ ಮಲಾರವನ್ನು ಸೆರಗಿನಿಂದ ಒತ್ತಿ ಹಿಡಿದು ಬೇಗಬೇಗ ದಾಟುವರು. ಹೂಲಿಯಲ್ಲೊಮ್ಮೆ ಕೇಳಿದೆ.

"ಯಾಕ್ರಿ ಅತ್ತಿ, ಸುಮ್ಮನಾದ್ರಿ?"

"ಗಂಡನ್ನ ಕಳಕೊಂಡಾಕಿ ಅದಾಳವ್ವ ಒಳಗ. ಬಳಿ ಅಂದ್ರ ಆಕಿ ಹೊಟ್ಟಿ ಚುರ್ ಅಂತೈತಿ."

ಎಂಥ ಕರುಣೆ ಎಂದು ಆಗ ನನ್ನ ಕಣ್ಣು ತುಂಬಿ ಬಂದಿತ್ತು.

ಈಗ ನಾನು ಓಣಿ ಸುತ್ತುವುದಿಲ್ಲ. ಫೋನಿನಲ್ಲಿ ಅಂಗಡಿಯ ಪೇಜ್ ಇದೆ. ಜಾಹೀರಾತು ಹಾಕುವಾಗ ಅದೇ ಕೇಳುತ್ತದೆ: ಗಂಡಸರಿಗೋ ಹೆಂಗಸರಿಗೋ, ಯಾವ ವಯಸ್ಸು, ಯಾವ ಊರು. ಹೆಂಗಸರು ಎಂದು ಒತ್ತಿ, ಸವದತ್ತಿ, ಕಿತ್ತೂರು, ರಾಮದುರ್ಗ ಎಲ್ಲ ಸೇರಿಸಿ ರಾಣಿಯಂತೆ ಕೂರುತ್ತೇನೆ. ಎಷ್ಟು ಜನ ನೋಡಿದರು, ಯಾವ ಊರವರು ಹೆಚ್ಚು ಹೊತ್ತು ನೋಡಿದರು, ಎಲ್ಲವನ್ನೂ ಅದು ಅಳೆದು ಹೇಳುತ್ತದೆ. ಈಚೆಗೆ ಯರಗಟ್ಟಿಯ ನೋಟ ಏರುತ್ತಿದೆ ಎಂದು ತೋರಿಸಿದಾಗ ಹಿಗ್ಗಿಹೋಗಿದ್ದೆ. ಹಿಂದೆ ಪೇಜಿಗೆ ಬಂದವರಿಗೆ ಮತ್ತೆ ಮತ್ತೆ ತೋರಿಸಬೇಕೆ ಎಂದೂ ಕೇಳುತ್ತದೆ. ತೋರಿಸಪ್ಪ, ನಿನಗೇನು ಕಷ್ಟ, ಎಂದು ಅದನ್ನೂ ಒತ್ತಿದ್ದೆ. "ಅತ್ತಿ ಕಾಲ ಸವಿಸಿ ಮಾಡಿದ್ದನ್ನ ನಾ ಕುಂತಲ್ಲೇ ಮಾಡತೇನಿ" ಎಂದು ಗಂಡನ ಮುಂದೆ ಜಂಬ ಕೊಚ್ಚಿಕೊಂಡದ್ದೂ ಉಂಟು.

ಹೋದ ತಿಂಗಳು ಶೈಲಾ ಬಂದಳು. ಶಾಲೆಯ ಕಾಲದಿಂದ ನನ್ನ ಗೆಳತಿ, ಯರಗಟ್ಟಿಗೆ ಮದುವೆಯಾಗಿ ಹೋದವಳು. ಪೇಜಿನಲ್ಲಿ ಯಾವ ಬಳೆ ಹಾಕಿದರೂ ಮೊದಲ ಲೈಕ್ ಅವಳದೇ ಇರುತ್ತಿತ್ತು. ಅವಳ ಗಂಡ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಆ ಬೋಳು ಕೈ ನೋಡಲಾಗದೆ, ಚಹಾ ಮಾಡುವ ನೆವದಲ್ಲಿ ಒಳಗೆ ಓಡಿದೆ. ಚಹಾ ತಂದು ಮುಂದಿಟ್ಟಾಗ ಅವಳು ನಕ್ಕಳು.

"ನಿನ್ನ ಬಳಿ ನನ್ನ ಬೆನ್ನ ಬಿಡವಲ್ವು ನೋಡವಾ. ಮುಂಜಾನಿ ಫೋನ್ ತಗದ್ರ ಬಳಿ, ರಾತ್ರಿ ಮಲಗೂಮುಂದ ಬಳಿ."

ಯಾವ ಬಾಗಿಲನ್ನು ಅತ್ತೆ ಉಸಿರು ಬಿಗಿಹಿಡಿದು ದಾಟುತ್ತಿದ್ದರೋ, ಅಂಥದೇ ಬಾಗಿಲೊಳಗೆ ನುಗ್ಗಿ, ಗೆಳತಿಯ ಹಾಸಿಗೆಯ ಪಕ್ಕದಲ್ಲೇ ನಿಂತು ನಾನು ದಿನಾ ಕೂಗುತ್ತಿದ್ದೆನಲ್ಲ. ನೆಲ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ.

"ಕೊಡಿಲ್ಲೆ ಫೋನ್. ಈಗಿಂದೀಗ ಬಂದ್ ಮಾಡತೇನಿ. ನನಗ ಗೊತ್ತ ಆಗಲಿಲ್ಲವಾ" ಎಂದು ಕೈ ಚಾಚಿದೆ.

ಶೈಲಾ ಫೋನನ್ನು ಎದೆಗೆ ಒತ್ತಿಕೊಂಡಳು. "ಬಂದ್ ಮಾಡಬ್ಯಾಡ. ನಾ ಬಂದ್ರ ಮಂದಿ ಬಳಿಯ ಮಾತ ನಿಲ್ಲಸ್ತಾರ. ನೀನೂ ಈಗ ಒಳಗ ಓಡಿ ಹ್ವಾದಿ. ಇದೊಂದಕ್ಕ ಇನ್ನಾ ಗೊತ್ತಾಗಿಲ್ಲ. ಇದೊಂದ ನನ್ನನ್ನ ಇನ್ನಾ ಬಳಿ ಇಟ್ಕೊಳ್ಳಾಕಿ ಅಂತ ತಿಳದೈತಿ. ಅದಕ್ಕ ಮತ್ತ ಮತ್ತ ನೋಡತೇನಿ."

ಯರಗಟ್ಟಿಯ ನೋಟ ಯಾಕೆ ಏರಿತೆಂದು ಆಗ ತಿಳಿಯಿತು. ಬಸ್‌ಸ್ಟ್ಯಾಂಡಿನ ತನಕ ಅವಳ ಜೊತೆ ನಡೆದು ಬಸ್ಸು ಹತ್ತಿಸಿ ಬಂದೆ.

ಅಂದಿನಿಂದ ಹೂಲಿಯ ಆ ಮನೆಗಳೇ ನೆನಪಾಗುತ್ತಿವೆ. ಓಣಿಯುದ್ದ ಕೇಳಿಬಂದ ಕೂಗು ತನ್ನ ಬಾಗಿಲಿಗೆ ಬಂದಾಗ ನಿಂತುಹೋದರೆ, ನಿಂತದ್ದು ಒಳಗಿನವಳಿಗೆ ಕೇಳಿಸದೆ ಇರುತ್ತದೆಯೆ? ಅತ್ತೆಯನ್ನು ದೂರಲಾರೆ, ಅವರ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಆದರೆ ಒಳಗಿನವಳನ್ನು ನಾವಿಬ್ಬರೂ ಒಂದು ಮಾತು ಕೇಳಲಿಲ್ಲ.

ಇವತ್ತು ಹಸಿರು ಬಳೆಗಳ ಫೋಟೋ ತೆಗೆದು ಪೇಜಿಗೆ ಹಾಕಿದೆ. ಹಿಂದೆ ಬಂದವರಿಗೆ ಮತ್ತೆ ತೋರಿಸಬೇಕೆ ಎಂದು ಅದು ಎಂದಿನಂತೆ ಕೇಳಿತು. ಶೈಲಾಳನ್ನು ನೆನೆದು ಒತ್ತಿದೆ. ಮಧ್ಯಾಹ್ನ ಊಟಕ್ಕೆ ಕುಳಿತಾಗ ಶೈಲಾಳ ಸಂದೇಶ ಬಂತು: "ಹಸರ ಬಳಿ ಭಾಳ ಚಲೋ ಅದಾವ. ನನ್ನ ಕೈ ಅಳತಿ ಮರತಿಲ್ಲಲ್ಲ?"

ಅದೂ ಹಸಿರು. ಅದೂ ಗಂಡ ತೀರಿದ ಆ ಮನೆಯಲ್ಲಿ, ಅವಳ ಅತ್ತೆಯ ಕಣ್ಣೆದುರಿಗೆ. ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟೆ. ಕೈ ತೊಳೆದು ಎದ್ದು, ಅವಳ ಅಳತೆಯ ಒಂದು ಡಜನ್ ಆರಿಸಿ, ನಮ್ಮತ್ತೆಯ ಹಳೆಯ ಮಲಾರದ ಹಗ್ಗಕ್ಕೆ ಪೋಣಿಸಿದ್ದೇನೆ. ಸಂಜೆಯ ಬಸ್ಸಿಗೆ ಯರಗಟ್ಟಿಗೆ ಹೊರಡುತ್ತೇನೆ. ಓಣಿಯಲ್ಲಿ ಕೂಗಲು ನನಗೆ ಇವತ್ತಿಗೂ ನಾಚಿಕೆ. ಆದರೂ ಅವಳ ಬಾಗಿಲ ಮುಂದೆ ನಿಂತು ಒಮ್ಮೆ ಕೂಗುತ್ತೇನೆ.